ಬೇಮಳಖೇಡಕ್ಕೆ ಒಂದು ರೊಟ್ಟಿ ಕಡಿಮೆ

ಕಳೆದ ವರ್ಷ ನವೆಂಬರ್ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಬಸವಕಲ್ಯಾಣದ ನಮ್ಮ ಮನೆಯ ಪಡಸಾಲೆಯಲ್ಲಿ ಡೇಟಾ ಕ್ಯೂಬ್ ಒಂದರ ಉದ್ಘಾಟನೆ ನಡೆಯಿತು. ಅಧ್ಯಕ್ಷತೆಯನ್ನು ನಾನೇ ವಹಿಸಿದ್ದೆ. ಸ್ವಾಗತ, ಪ್ರಾಸ್ತಾವಿಕ ನುಡಿ ಮತ್ತು ವಂದನಾರ್ಪಣೆಯ ಹೊಣೆಯೂ ನನ್ನದೇ ಆಗಿತ್ತು. ಸಭಿಕರಾಗಿ ನನ್ನ ಹೆಂಡತಿ ಮಹಾನಂದಾ ಮತ್ತು ಪಕ್ಕದ ಮನೆಯ ಮೆಹಬೂಬ್ ಭಾಯಿ ಉಪಸ್ಥಿತರಿದ್ದರು. ಮೆಹಬೂಬ್ ಭಾಯಿ ಏಣಿ ಕೇಳಲು ಬಂದವರು. ಕೂರಿಸಿಕೊಂಡೆವು.

ಹಿನ್ನೆಲೆ ಹೀಗಿದೆ. ನಾನು ದಿನಪತ್ರಿಕೆಯೊಂದರ ವರದಿಗಾರನಾಗಿ ಬಹಳ ವರ್ಷ ದುಡಿದು ನಿವೃತ್ತನಾದವನು. ಮಹಾನಂದಾ ನಮ್ಮ ಹಿತ್ತಲಿನ ಶೆಡ್ಡಿನಲ್ಲಿ ನಾಲ್ಕಾರು ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿ ಕೇಂದ್ರ ನಡೆಸುತ್ತಾಳೆ. ಜೋಳದ ಖಡಕ್ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಅಲ್ಲಿ ತಯಾರಾಗುತ್ತವೆ. ಒಂದಿಷ್ಟು ಮನೆ ಬಾಗಿಲಲ್ಲೇ ಮಾರಾಟವಾಗುತ್ತದೆ. ಹೆಚ್ಚಿನ ಪಾಲು ಬೆಳಗಿನ ಬಸ್ಸಿಗೆ ಹುಮನಾಬಾದಿಗೆ ಹೋಗುತ್ತದೆ. ಅಲ್ಲಿ ಬಸ್ ನಿಲ್ದಾಣದ ಹತ್ತಿರ ಅವಳ ತಂಗಿ ಸುರೇಖಾಳ ಅಂಗಡಿ ಇದೆ. ಚಿಟಗುಪ್ಪ, ಕೊಡಂಬಲ, ಬೇಮಳಖೇಡದ ಕಡೆ ಹೋಗುವವರು ಬಸ್ಸಿಗೆ ಕಾಯುತ್ತ ನಿಂತಾಗ ಒಂದು ಕಟ್ಟು ರೊಟ್ಟಿ ಕಟ್ಟಿಸಿಕೊಳ್ಳುತ್ತಾರೆ.

ಹೀಗಿರುವಾಗ ಹುಮನಾಬಾದಿನ ಹೈವೇ ಮೇಲೆ ಹೊಸದಾಗಿ ಹೋಟೆಲ್ ಹಾಕಿದ ರೇವಣಪ್ಪ ಸಾಹುಕಾರರು ತಮ್ಮಲ್ಲೇ ಒಂದು ರೊಟ್ಟಿ ಕೌಂಟರ್ ಇಡುವ ಮಾತು ಆಡಿದರು. ಅದು ಆದರೆ ನಮ್ಮ ಶೆಡ್ಡಿನ ಹೆಂಗಸರಿಗೆ ವಾರದ ಎಲ್ಲ ದಿನವೂ ಕೆಲಸ ಸಿಗುತ್ತಿತ್ತು. ಮಹಾನಂದಾ ಆಗಲೇ ಎರಡನೆಯ ಒಲೆಗೆ ಜಾಗ ನೋಡಿ, ರೊಟ್ಟಿ ಬೇಯಿಸುವ ದೊಡ್ಡ ಹಂಚೊಂದನ್ನು ತಂದು ಗೋಡೆಗೆ ಆನಿಸಿ ಇಟ್ಟಿದ್ದಳು. ಸಾಹುಕಾರರು ಒಂದೇ ಮಾತು ಕೇಳಿದ್ದರು: “ಯಾವ ಮಾಲು, ಯಾವೂರ ಮಂದಿ, ಯಾವ ದಿನ ಒಯ್ತಾರ ಅಂತ ಒಂದು ರಿಪೋರ್ಟ್ ಕೊಡ್ರಿ. ಡಿಸೆಂಬರ್ ತಿಂಗಳ ಕಡೀ ಸಂತಿ ದಿನ ಅಂಗಡಿಗೇ ಬಂದು ನೋಡ್ತೀನಿ.”

“ರೀ, ಒಂದು ಹಾಳಿ ಮ್ಯಾಲ ನಾಕ್ ಸಾಲು ಬರದು ಕೊಡ್ರಿ,” ಎಂದಳು ಮಹಾನಂದಾ.

ನಾಲ್ಕು ಸಾಲು! ಜೀವಮಾನವಿಡೀ ವರದಿ ಬರೆದವನಿಗೆ ನಾಲ್ಕು ಸಾಲು! ಕಾಣೆಯಾದ ಎಮ್ಮೆಯ ಬಗ್ಗೆ ನಾನು ಅದಕ್ಕಿಂತ ಹೆಚ್ಚು ಬರೆದಿದ್ದೇನೆ.

ಫೋನಿನಲ್ಲಿ ಹುಡುಕಿದೆ. ಬಿಸಿನೆಸ್ ಇಂಟೆಲಿಜೆನ್ಸ್ ಎಂಬ ವಿದ್ಯೆ ಇದೆ ಎಂದು ತಿಳಿಯಿತು. ದೊಡ್ಡ ಕಂಪನಿಗಳು ವ್ಯಾಪಾರದ ಮಾಹಿತಿಯನ್ನೆಲ್ಲ ಕ್ಯೂಬ್ ಎಂಬ ಡಬ್ಬಿಯಲ್ಲಿ ತುಂಬುತ್ತವೆ. ಬೇಕಾದ ಕಡೆಯಿಂದ ಕೊಯ್ದು ನೋಡುತ್ತವೆ. ಒಂದು ವಿಡಿಯೊ ನೋಡಿದೆ. ಅದು ಮುಗಿದ ಮೇಲೆ ಇನ್ನೊಂದು. ಯಾರೋ ಒಬ್ಬರು ಎಲ್ಲೋ ಕೂತು ಸೈಕಲ್ ಮಾರಾಟದ ಲೆಕ್ಕವನ್ನು ಹೀಗೆ ತಿರುಗಿಸಿ ಹಾಗೆ ಹೊರಳಿಸಿ ತೋರಿಸುತ್ತಿದ್ದರು. ಆ ಸೈಕಲ್ಲುಗಳು ಯಾರವು, ಯಾವ ಊರಿನವು ಎಂಬುದೊಂದೂ ನನಗೆ ಗೊತ್ತಿರಲಿಲ್ಲ. ಆದರೂ ಮಳೆಗಾಲದಲ್ಲಿ ಅವು ಯಾಕೆ ಕಡಿಮೆ ಹೋದವು ಎಂದು ತಿಳಿಯದೆ ಊಟ ಸೇರಲಿಲ್ಲ.

ಉದ್ಘಾಟನೆಯ ದಿನ ಸಭಿಕರಿಗೆ ಕ್ಯೂಬ್ ಎಂದರೇನು ಎಂದು ತಿಳಿಸಲು ಒಂದು ವಸ್ತು ಬೇಕಿತ್ತು. ಬಚ್ಚಲಿನಿಂದ ಬಟ್ಟೆ ಸಾಬೂನಿನ ಹೊಸ ಗಟ್ಟಿಯನ್ನೂ ಅಡುಗೆಮನೆಯಿಂದ ಚಾಕುವನ್ನೂ ತಂದೆ.

“ಇದರ ಉದ್ದ ಅಂದ್ರ ದಿನ,” ಎಂದೆ. “ಅಗಲ ಅಂದ್ರ ಊರು. ಎತ್ತರ ಅಂದ್ರ ಮಾಲು: ಜ್ವಾಳದ ರೊಟ್ಟಿ, ಸಜ್ಜಿ ರೊಟ್ಟಿ, ಹಿಂಡಿ.”

“ಅದು ಅರಿಬಿ ಸಾಬೂನದ್ರಿ,” ಎಂದಳು ಮಹಾನಂದಾ.

“ಶನಿವಾರ ಹುಮನಾಬಾದಿನಾಗ ಹಿಂಡಿ ಎಷ್ಟು ಹೋತು ಅಂತ ಯಾರರೆ ಕೇಳಿದ್ರ ಏನ್ ಮಾಡ್ತೀ? ಹಿಂಗ ಒಂದು ಕೊಯ್ತ. ಹಿಂಗ ಒಂದು ಕೊಯ್ತ. ಹಿಂಗ ಇನ್ನೊಂದು. ನೋಡು, ಬರೊಬ್ಬರಿ ಆ ತುಣುಕು ಕೈಗೆ ಬಂತು!”

ಮೆಹಬೂಬ್ ಭಾಯಿ ತುಣುಕನ್ನು ಬೆಳಕಿಗೆ ಹಿಡಿದು ನೋಡಿದರು. ಅವರು ಲಾರಿಗಳ ಮೈಮೇಲೆ ಬಣ್ಣದಲ್ಲಿ ಹೂವು, ಹದ್ದು, ಅಕ್ಷರ ಬರೆಯುವವರು. ಒಳ್ಳೆಯ ಕೈಕೆಲಸ ಕಂಡರೆ ಮೆಚ್ಚುತ್ತಾರೆ.

“ಮಸ್ತ್ ಅದ ಭಾಯಿಸಾಬ್,” ಎಂದರು. “ಖರೆ, ಏಣಿ ಎಲ್ಲಿ ಅದ?”

ಮರುದಿನ ಬಟ್ಟೆ ಒಗೆಯುವ ಕಲ್ಲಿನ ಕಡೆಯಿಂದ ಮಹಾನಂದಾಳ ಧ್ವನಿ ಕೇಳಿತು: “ರೀ, ಹುಮನಾಬಾದ್ ಶನಿವಾರ ಎಲ್ಲಿ ಇಟ್ಟೀರಿ? ನಿಮ್ಮ ಬನೀನು ಹಂಗೇ ಉಳದಾವ!”

ಮಾಹಿತಿ ಸಂಗ್ರಹ ಆರಂಭವಾಯಿತು. ಪ್ರತಿದಿನ ಎಷ್ಟು ರೊಟ್ಟಿ ಬಡಿದರು ಎಂಬುದನ್ನು ಮಹಾನಂದಾ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದಳು. ಎಷ್ಟು ಮಾರಿದವು ಎಂಬುದನ್ನು ಸುರೇಖಾ ಸಂಜೆ ಫೋನಿನಲ್ಲಿ ಧ್ವನಿಸಂದೇಶವಾಗಿ ಕಳಿಸುತ್ತಿದ್ದಳು. ಆ ಸಂದೇಶದಲ್ಲಿ ಮೊದಲು ಅವಳ ಮೊಣಕಾಲು ನೋವು, ನಂತರ ನಳದ ನೀರು, ನಂತರ ಎದುರು ಮನೆಯವರ ಮಗಳ ಮದುವೆ ಬರುತ್ತಿದ್ದವು. ವ್ಯಾಪಾರದ ಲೆಕ್ಕ ಕೊನೆಗೆ ಒಂದು ಉಸಿರಿನಲ್ಲಿ ಬಂದು ಹೋಗುತ್ತಿತ್ತು. ನನಗೆ ಕಷ್ಟವಾಗಲಿಲ್ಲ. ತಾಸುಗಟ್ಟಲೆ ಭಾಷಣ ಕೇಳಿ ಅದರೊಳಗಿನ ಒಂದೇ ಒಂದು ಸುದ್ದಿ ಹಿಡಿಯುವುದು ನನ್ನ ವೃತ್ತಿಯೇ ಆಗಿತ್ತು.

ಗಿರಾಕಿಗಳ ಊರನ್ನು ಕೇಳಿ ಬರೆಯಬೇಕು ಎಂದು ಸುರೇಖಾಳಿಗೆ ಹೇಳಿದಾಗ ಅವಳು ನಕ್ಕಳು. ಅಕ್ಕನ ಗಂಡನಾದ ನನ್ನನ್ನು ಅವಳು ಮಾಮಾ ಎನ್ನುತ್ತಾಳೆ.

“ಮಾಮಾ, ಯಾವೂರು ಅಂತ ಕೇಳಲಾರದ ನಾ ಇವತ್ತಿನ ತನಕ ಯಾರಿಗೂ ರೊಟ್ಟಿ ಕೊಟ್ಟಿಲ್ಲ. ಯಾರ ಮನಿ, ಯಾರಿಗೆ ಏನಾಗ್ಬೇಕು, ಅದನ್ನೂ ಬರೀಲೇನು?”

ಅದಕ್ಕೆ ಡಬ್ಬಿಯಲ್ಲಿ ಜಾಗವಿರಲಿಲ್ಲ. ಊರು ಸಾಕು ಎಂದೆ.

ಕೆಲವು ವಾರಗಳ ನಂತರ ಮೊದಲ ವರದಿ ನನ್ನ ಲ್ಯಾಪ್‌ಟಾಪ್ ಪರದೆಯ ಮೇಲೆ ಮೂಡಿತು. ಎರಡು ಗೆರೆಗಳು. ಒಂದು, ಮಾರಾಟಕ್ಕೆ ಹೋದ ರೊಟ್ಟಿ. ಇನ್ನೊಂದು, ಮಾರಾಟವಾದ ರೊಟ್ಟಿ. ಸಂಜೆಗೆ ಬುಟ್ಟಿ ಖಾಲಿಯಾಗುತ್ತದೆ ಎಂದ ಮೇಲೆ ಎರಡೂ ಗೆರೆ ಒಂದೇ ಕಡೆ ಇರಬೇಕು. ಇರಲಿಲ್ಲ! ನಡುವೆ ಅಂತರವಿತ್ತು. ಆ ಅಂತರಕ್ಕೆ ಕೆಂಪು ಬಣ್ಣ ಬಂದಿತ್ತು. ಕೆಂಪು ನಾನು ಕೊಟ್ಟದ್ದಲ್ಲ. ತಂತ್ರಾಂಶ ತಾನೇ ಕೊಟ್ಟುಕೊಂಡದ್ದು. ಯಂತ್ರಕ್ಕೇ ಅನುಮಾನ ಬಂದ ಮೇಲೆ ವರದಿಗಾರನಿಗೆ ಬರದಿದ್ದರೆ ಹೇಗೆ?

ಡಬ್ಬಿಯನ್ನು ಒಳಹೊಕ್ಕು ನೋಡಿದೆ. ಬಸವಕಲ್ಯಾಣದ ಮನೆಬಾಗಿಲಲ್ಲಿ ಕೆಂಪು ಕಡಿಮೆ. ಹುಮನಾಬಾದಿನಲ್ಲಿ ಹೆಚ್ಚು. ಸಂತೆಯ ದಿನ ಇನ್ನೂ ಹೆಚ್ಚು. ಪ್ರತಿ ದಿನವೂ ಒಂದಿಷ್ಟು ರೊಟ್ಟಿ ಯಾರಿಗೂ ಮಾರಾಟವಾಗದೆ, ಉಳಿಯಲೂ ಇಲ್ಲದೆ, ಈ ಲೋಕದಿಂದ ಕಣ್ಮರೆಯಾಗುತ್ತಿತ್ತು.

“ಬಸ್ಸಿನಾಗ ಮುರಿದಿರಬೇಕು,” ಎಂದೆ.

“ಮುರದಿದ್ದು ನೀವೇ ತಿಂತೀರಿ. ಅದು ಇಲ್ಲೇ ಕಳೀತದ,” ಎಂದಳು ಮಹಾನಂದಾ. ಆದರೆ ಅವಳ ಕಣ್ಣು ಆ ಕೆಂಪಿನ ಮೇಲೆಯೇ ಇತ್ತು. “ಇದನ್ನ ಸಾಹುಕಾರರು ನೋಡಿದ್ರ ಏನಂತಾರ? ಈ ಹೆಂಗಸ್ರು ಮಾಲು ಸಂಭಾಳಿಸಾಂಗಿಲ್ಲ ಅಂತಾರ. ಈ ಕೆಂಪು ತಗೀರಿ ಹ್ಯಾಂಗರೆ ಮಾಡಿ.”

ಸತ್ಯಶೋಧನೆಗಾಗಿ ನಾನು ಹುಮನಾಬಾದಿಗೆ ತೆರಳಿದೆ. ಅಂಗಡಿಯ ಎದುರಿನ ಚಹಾದಂಗಡಿಯಲ್ಲಿ ಪತ್ರಿಕೆ ಬಿಡಿಸಿ ಅದರ ಮರೆಯಲ್ಲಿ ಕೂತೆ. ಗುಪ್ತ ಕಾರ್ಯಾಚರಣೆ ಒಂದು ಗುಟುಕು ಚಹಾದವರೆಗೆ ಯಶಸ್ವಿಯಾಗಿ ನಡೆಯಿತು. ಆಮೇಲೆ ರಸ್ತೆಯ ಆಚೆಯಿಂದ ಕೂಗು ಬಂತು.

“ಮಾಮಾ! ಅಲ್ಲಿ ಯಾಕ ಕುಂತೀರಿ ಬಿಸಲಾಗ? ಈ ಕಡಿ ಬರ್ರಿ, ನೆರಳದ!”

ಇಡೀ ನಿಲ್ದಾಣ ನನ್ನನ್ನು ನೋಡಿತು. ಎದ್ದು ಹೋಗಿ ಸುರೇಖಾಳ ಪಕ್ಕದಲ್ಲೇ ಕೂತೆ. ಕೊಡಂಬಲದ ಹೆಂಗಸೊಬ್ಬಳು ಬಂದಳು. ಸುರೇಖಾ ಒಂದು ಕಟ್ಟು ರೊಟ್ಟಿ ಕೊಟ್ಟಳು. ಸೊಸೆಗೆ ಎಷ್ಟು ತಿಂಗಳು ಎಂದು ಕೇಳಿದಳು. ಉತ್ತರ ಕೇಳಿ ಸಂತೋಷಪಟ್ಟು, ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದು ಕಟ್ಟಿನ ಮೇಲಿಟ್ಟು, ಅದರ ಮೇಲೆ ಒಂದು ಚಿಟಿಕೆ ಹಿಂಡಿ ಹಾಕಿದಳು.

“ಇದೇನು?” ಎಂದೆ.

“ಕೊಸರು.”

“ಬರೀಲಿಲ್ಲಲ್ಲ?”

“ಕೊಸರು ಯಾರು ಬರೀತಾರ ಮಾಮಾ?”

ಕೊಸರು! ಹುಟ್ಟಿದಾಗಿನಿಂದ ಅದನ್ನು ತಿಂದು ಬೆಳೆದವನು ನಾನು. ಕಾಯಿಪಲ್ಯ ಕೊಂಡರೆ ಮೇಲೊಂದು ಹಿಡಿ ಕೊತ್ತಂಬರಿ, ಜೋಳ ಅಳೆದರೆ ಮೇಲೊಂದು ಬೊಗಸೆ. ಆದರೆ ಅದು ಎಲ್ಲಿಂದ ಬರುತ್ತದೆ, ಯಾರ ಲೆಕ್ಕದಲ್ಲಿ ಕಡಿಮೆಯಾಗುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಸಂತೆಯ ದಿನ ಕೆಂಪು ಯಾಕೆ ಹೆಚ್ಚು ಎಂಬುದೂ ತಿಳಿಯಿತು. ಆ ದಿನ ಮಾತಾಡುವವರು ಹೆಚ್ಚು. ಸೋರಿಕೆ ಪತ್ತೆಯಾಗಿತ್ತು!

ಮನೆಗೆ ಬಂದು ಸುತ್ತೋಲೆ ಹೊರಡಿಸಿದೆ: ಬರುವ ಸೋಮವಾರದಿಂದ ಕೊಸರು ರದ್ದು.

“ಕೊಸರು ಕೊಡಲಾರದ ಹ್ಯಾಂಗ್ರಿ?” ಎಂದಳು ಮಹಾನಂದಾ. ಆಮೇಲೆ ಪರದೆಯ ಕಡೆ ನೋಡಿ ಕೇಳಿದಳು: “ಆ ಕೆಂಪು ಹೋಗ್ತದೇನು?”

“ಪೂರಾ ಹೋಗ್ತದ.”

“ಹಂಗಾದ್ರ ಮಾಡ್ರಿ.”

ಫಲಕ ಬರೆಯುವ ಕೆಲಸವನ್ನು ಮೆಹಬೂಬ್ ಭಾಯಿ ವಹಿಸಿಕೊಂಡರು. “ಕೊಸರು ಕೇಳಬಾರದು” ಎಂದು ಹಳದಿ ಅಕ್ಷರ, ಅದಕ್ಕೆ ಕೆಂಪು ನೆರಳು. ಎರಡು ಬದಿಗೂ ಕಮಲ. ಮೇಲೆ ರೆಕ್ಕೆ ಬಿಚ್ಚಿದ ಹದ್ದು. ಕೆಳಗೆ, ಕೈ ರೂಢಿಯಂತೆ, “ಶುಭ ಪ್ರಯಾಣ”.

“ಇದು ಯಾಕ ಬರದ್ರಿ ಭಾಯಿ?”

“ಜಾಗಾ ಖಾಲಿ ಇತ್ತು ಭಾಯಿಸಾಬ್.”

ಮೊದಲ ವಾರ ಕೆಂಪು ಮಾಯವಾಯಿತು. ಎರಡು ಗೆರೆಗಳು ಒಂದಾದವು. ನಾನು ಆ ಪರದೆಯ ಫೋಟೊ ತೆಗೆದು ಬಂಧುಬಳಗಕ್ಕೆಲ್ಲ ಕಳಿಸಿದೆ. ಎರಡನೆಯ ವಾರ ಗಿರಾಕಿಗಳು ಫಲಕದ ಎರಡನೆಯ ಸಾಲನ್ನು ಪಾಲಿಸತೊಡಗಿದರು. ಬಂದವರು ಓದಿ, ಪ್ರಯಾಣ ಮುಂದುವರಿಸಿದರು! ಪರದೆಯ ಮೇಲೆ ಎರಡೂ ಗೆರೆಗಳು ಕೈ ಕೈ ಹಿಡಿದು ಕೆಳಗಿಳಿದವು. ನಡುವೆ ಕೂದಲೆಳೆಯ ಅಂತರವೂ ಇರಲಿಲ್ಲ. ವರದಿಯ ದೃಷ್ಟಿಯಿಂದ ಅದು ಪೂರ್ಣ ಯಶಸ್ಸು.

ಒಂದು ಮಧ್ಯಾಹ್ನ ಸುರೇಖಾ ಫೋನ್ ಮಾಡಿದಳು. ಬೇಮಳಖೇಡದ ಕಾಶೆಮ್ಮ ಎಂಬ ಹಳೆಯ ಗಿರಾಕಿ ಅಂಗಡಿಯ ಮುಂದೆ ಕೂತುಬಿಟ್ಟಿದ್ದಾಳೆ. ಅವರಿಬ್ಬರ ನಡುವೆ ನಡೆದ ಸಂಭಾಷಣೆಯನ್ನು ಸುರೇಖಾ ಹೇಳಿದಂತೆ ಇಲ್ಲಿ ದಾಖಲಿಸುತ್ತಿದ್ದೇನೆ.

“ಕೊಸರು?”

“ಇಲ್ಲ ಆಯಿ. ಸಿಸ್ಟಮ್ ಒಪ್ಪಾಂಗಿಲ್ಲ.”

“ಸಿಸ್ಟಮ್ ಅಂದ್ರ ಯಾಂವ ಅಂವ? ಕರಿ ಇಲ್ಲಿ.”

“ಮಾಮಾ,” ಎಂದಳು ಸುರೇಖಾ ನನಗೆ, “ನಿಮ್ಮನ್ನ ಕರ್ಯಾಕತ್ತಾರ.”

ಹೋದೆ. ಕಾಶೆಮ್ಮ ಅಲ್ಲೇ ಇದ್ದಳು. ಸೋರಿಕೆ ಎಂದರೇನು, ಅದನ್ನು ತಡೆದರೆ ಸಂಸ್ಥೆಗೆ ಆಗುವ ಅನುಕೂಲವೇನು ಎಂದು ಸವಿಸ್ತಾರವಾಗಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಚೀಲದಿಂದ ರೊಟ್ಟಿಯ ಕಟ್ಟನ್ನು ತೆಗೆದು ಬುಟ್ಟಿಗೆ ಹಿಂದಿರುಗಿಸಿದಳು.

“ರೊಟ್ಟಿ ಛಲೋ ಅವಪಾ,” ಎಂದಳು. “ಖರೆ ಕೊಡೂ ಕೈ ಸಣ್ಣದಾಗ್ಯಾದ.”

ಆ ವಾರ ಶೆಡ್ಡಿನಲ್ಲಿ ಇಬ್ಬರು ಹೆಂಗಸರಿಗೆ ಕೆಲಸವಿರಲಿಲ್ಲ. ಮಹಾನಂದಾ ಅವರನ್ನು ಬಾಗಿಲತನಕ ಹೋಗಿ ಕಳಿಸಿ ಬಂದಳು. ಒಳಗೆ ಬಂದು ಗೋಡೆಗೆ ಆನಿಸಿದ್ದ ಹೊಸ ಹಂಚನ್ನು ಧೂಳು ಕೂರದಂತೆ ಮಗುಚಿಟ್ಟಳು.

“ಕೆಂಪು ಹೋತ್ರಿ,” ಎಂದಳು. “ಗಿರಾಕೀನೂ ಹೋತು. ಇನ್ನ ಎಂಟ್ಹತ್ತು ದಿನಕ್ಕ ಸಾಹುಕಾರರು ಬರ್ತಾರ. ಅವರಿಗೇನು ಖಾಲಿ ಬುಟ್ಟಿ ತೋರಿಸೂದೇನು?”

ಪತ್ರಿಕಾರಂಗದಲ್ಲಿ ತಪ್ಪಾದರೆ ಮರುದಿನ ತಿದ್ದುಪಡಿ ಪ್ರಕಟಿಸುತ್ತೇವೆ. ಒಳಪುಟದಲ್ಲಿ, ಕೆಳಗೆ, ಯಾರಿಗೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ. ಅದನ್ನೇ ಮಾಡಿ ಕೈತೊಳೆದುಕೊಂಡಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಫಲಕ ಇಳಿಸಿದೆ. ಕೊಸರು ಮತ್ತೆ ಶುರುವಾಯಿತು. ಆದರೆ ನನಗೊಂದು ಕುತೂಹಲ ಹುಟ್ಟಿತ್ತು. ಕೊಸರು ಯಾರಿಗೆ ಹೋಗುತ್ತದೆ? ಎಷ್ಟು? ಯಾಕೆ? ಜಗತ್ತಿನಲ್ಲಿ ಈ ವಿಷಯದ ಮೇಲೆ ಯಾರ ಬಳಿಯೂ ಅಂಕಿಅಂಶವಿಲ್ಲ! ಅದನ್ನೂ ಡಬ್ಬಿಗೆ ಹಾಕಿದರೆ ಕೆಂಪು ಅಂತರಕ್ಕೆ ವಿವರಣೆ ಸಿಗುತ್ತದೆ. ಸಾಹುಕಾರರು ನೋಡಿದರೂ ಭಯವಿಲ್ಲ.

ಹೀಗಾಗಿ ಕೊಸರಿಗೆ ಊರು, ದಿನ ಮತ್ತು ಕಾರಣ ಎಂಬ ಮೂರು ಮುಖಗಳು ಬಂದವು. ಕಾರಣಗಳನ್ನು ಸುರೇಖಾ ಹೇಳಿದಂತೆಯೇ ಬರೆದುಕೊಂಡೆ: ಬಸುರಿ ಸೊಸೆ. ಹಳೇ ಗಿರಾಕಿ. ಜಗಳ ಮಾಡಿದಳು. ಜಗಳ ಮಾಡಲಿಲ್ಲ, ಸುಮ್ಮನೆ ನಿಂತಳು. ನನ್ನ ಮೊಣಕಾಲು ಹೇಗಿದೆ ಅಂತ ಕೇಳಿದಳು.

ಮಾಡಿದ ಕೆಲಸ ಜನರಿಗೆ ಕಾಣಬೇಕು ಎಂಬುದು ಪತ್ರಕರ್ತನ ದುರ್ಗುಣ. ಮನೆಯ ಟಿವಿಯನ್ನು ಮಹಾನಂದಾಳ ಹಳೆಯ ಸೀರೆಯಲ್ಲಿ ಸುತ್ತಿ ಹುಮನಾಬಾದಿಗೆ ಸಾಗಿಸಿದೆ. ಕಂಡಕ್ಟರು ಅದಕ್ಕೂ ಟಿಕೆಟ್ ಹರಿದರು. ಸಾಹುಕಾರರು ಬರುವ ಸಂತೆಯ ಹಿಂದಿನ ದಿನ ಸುರೇಖಾಳ ಅಂಗಡಿಯ ಮೇಲೆ ಆ ಟಿವಿಯಲ್ಲಿ ಡ್ಯಾಶ್‌ಬೋರ್ಡ್, ಅಂದರೆ ಲೆಕ್ಕದ ಫಲಕ, ಬೆಳಗಿತು. ಶೀರ್ಷಿಕೆ: “ಊರುವಾರು ಕೊಸರು ವಿತರಣೆ”. ಊರಿಗೊಂದು ಬಣ್ಣದ ಪಟ್ಟಿ. ಚಿಟಗುಪ್ಪದ್ದು ಎಲ್ಲಕ್ಕಿಂತ ಉದ್ದ. ಕೊಡಂಬಲದ್ದು ಮಧ್ಯಮ. ಬೇಮಳಖೇಡದ್ದು ತೀರ ಗಿಡ್ಡ.

ಬಸ್ಸಿಗೆ ಕಾಯುವವರಿಗೆ ಬೇರೆ ಕೆಲಸವಿರಲಿಲ್ಲ. ಎಲ್ಲರೂ ಓದಿದರು.

ನಾನು ವರದಿಗಾರನಾಗಿದ್ದಾಗ “ಪ್ರಾದೇಶಿಕ ಅಸಮತೋಲನ” ಎಂಬ ಪದವನ್ನು ಅದೆಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಈ ಭಾಗಕ್ಕೆ ಅನ್ಯಾಯವಾಗಿದೆ ಎಂದು ಬರೆದರೆ ಜನ ಹೇಗೆ ಎದ್ದು ಕೂರುತ್ತಾರೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆ ಪದ ಖಡಕ್ ರೊಟ್ಟಿಗೂ ಅನ್ವಯಿಸುತ್ತದೆ ಎಂಬುದೊಂದು ಹೊಳೆದಿರಲಿಲ್ಲ.

ಮರುದಿನ ಸಂತೆ. ಮಹಾನಂದಾ ಒಳ್ಳೆಯ ಸೀರೆ ಉಟ್ಟು, ಸಾಹುಕಾರರಿಗೆ ತೋರಿಸಲು ಹಿಂಡಿಯ ಡಬ್ಬಿ ಹಿಡಿದು ನನ್ನ ಜೊತೆ ಬಂದಿದ್ದಳು. ನಾವು ತಲುಪುವಷ್ಟರಲ್ಲಿ ಅಂಗಡಿಯ ಮುಂದೆ ಗುಂಪು ಕೂಡಿತ್ತು. ಮುಂಚೂಣಿಯಲ್ಲಿ ಕಾಶೆಮ್ಮ. ಹಿಂದೆ ಬೇಮಳಖೇಡದ ಹೆಂಗಸರು, ಗಂಡಸರು. ಕಾಶೆಮ್ಮನ ಕೈಯಲ್ಲಿ ಒಂದು ಮನವಿಪತ್ರ.

“ಬಂದ ನೋಡ್ರಿ ಸಿಸ್ಟಮ್,” ಎಂದಳು ಕಾಶೆಮ್ಮ.

ಮನವಿಯನ್ನು ಊರಿನ ಯಾರೋ ಓದಿದವರು ಬರೆದುಕೊಟ್ಟಿದ್ದರು. “ಕೊಸರು ವಿತರಣೆಯಲ್ಲಿ ಬೇಮಳಖೇಡ ಗ್ರಾಮಕ್ಕೆ ಆಗುತ್ತಿರುವ ತಾರತಮ್ಯವನ್ನು ಕೂಡಲೇ ಸರಿಪಡಿಸಬೇಕು. ತಪ್ಪಿದಲ್ಲಿ ಉಗ್ರ ಹೋರಾಟ ಅನಿವಾರ್ಯ.” ಒಳ್ಳೆಯ ವಾಕ್ಯ. ನಾನೇ ನೂರಾರು ಸಲ ಬರೆದದ್ದು. ಯಾರೋ ಫೋಟೊ ತೆಗೆಯಲು ಫೋನ್ ಎತ್ತಿದರು. ನಾನು ರೂಢಿಯಂತೆ ಪೆನ್ನು ಹಿಡಿದು ಒಂದು ಬದಿಗೆ ಸರಿದೆ. ಅವರು ರಟ್ಟೆ ಹಿಡಿದು ನಡುವೆ ಎಳೆದುಕೊಂಡರು. ಮನವಿ ಸ್ವೀಕರಿಸುವ ಕಡೆಯಲ್ಲಿ ನಾನು ನಿಂತದ್ದು ಅದೇ ಮೊದಲು. ಆ ಕಡೆ ನಿಂತವರು ಏನು ಹೇಳುತ್ತಾರೋ ಅದನ್ನೇ ಹೇಳಿದೆ: “ಪರಿಶೀಲಿಸಲಾಗುವುದು.”

“ಪರಿಶೀಲನಿ ಬ್ಯಾಡ. ರೊಟ್ಟಿ ಕೊಡು.”

“ನೋಡ್ರಿ ಆಯಿ, ನಿಮ್ಮೂರಿಂದ ಬರೂ ಮಂದಿನೇ ಕಮ್ಮಿ. ಅದಕ್ಕ ಒಟ್ಟು ಲೆಕ್ಕ ಕಮ್ಮಿ ಕಾಣಸ್ತದ. ಸರಾಸರಿ ತಗದ್ರ ನಿಮಗೇ ಹೆಚ್ಚು ಬಂದದ.”

“ಸರಾಸರಿಗಿ ಹಿಂಡಿ ಹಚ್ಕೊಂಡು ತಿನ್ಲೇನು?”

ಗುಂಪು ನಕ್ಕಿತು. ನನಗೆ ಹಟ ಬಂತು. ಲ್ಯಾಪ್‌ಟಾಪ್ ತೆರೆದು, ಒಟ್ಟು ಇದ್ದ ಕಡೆ ಸರಾಸರಿ ಎಂದು ಬದಲಿಸಿದೆ. ಟಿವಿಯ ಮೇಲೆ ಪಟ್ಟಿಗಳು ಅಲುಗಾಡಿ ಹೊಸ ಜಾಗ ಹಿಡಿದವು. ಬೇಮಳಖೇಡ ಎಲ್ಲಕ್ಕಿಂತ ಮೇಲೆ! ಕಾಶೆಮ್ಮನ ಕಡೆಯವರು ಚಪ್ಪಾಳೆ ತಟ್ಟಿದರು. ನಾನು ಹಣೆಯ ಬೆವರು ಒರೆಸಿಕೊಂಡೆ.

ಅದೇ ಹೊತ್ತಿಗೆ ಚಿಟಗುಪ್ಪಕ್ಕೆ ಹೊರಟಿದ್ದ ಮಾಸ್ತರರೊಬ್ಬರು ಪರದೆ ನೋಡಿದರು. ಚಿಟಗುಪ್ಪ ಈಗ ತಳದಲ್ಲಿತ್ತು.

“ಇದೇನ್ರಿ ಸರ?” ಎಂದರು. “ನಿನ್ನಿ ನಾವು ಮ್ಯಾಲಿದ್ದಿವಿ. ರಾತ್ರಿ ಕಳದು ಬೆಳಗಾಗೂದ್ರಾಗ ಕೆಳಗ? ನಮ್ಮದು ತಾಲೂಕ ಕೇಂದ್ರ!”

“ನಿಮ್ಮ ತಾಲೂಕಿನಾಗೇ ನಾವಿರೂದು,” ಎಂದಳು ಕಾಶೆಮ್ಮ. “ಕಚೇರಿ ನಿಮಗ, ರೊಟ್ಟೀನೂ ನಿಮಗೇನು?”

“ಹಂಗಾದ್ರ ಕೊಡಂಬಲದವರು ಏನು ಮಾಡ್ಬೇಕು?” ಎಂದು ಹಿಂದಿನಿಂದ ಒಂದು ಧ್ವನಿ. “ಮ್ಯಾಲೂ ಇಲ್ಲ, ಕೆಳಗೂ ಇಲ್ಲ. ನಮ್ಮನ್ನ ಕೇಳವ್ರು ಯಾರು?”

“ಬೇನಾಮಿ ಲೆಕ್ಕ ಅದು!” ಎಂದಿತು ಇನ್ನೊಂದು.

ನಾನು ಒಟ್ಟಿಗೆ ಬದಲಿ ಮಾಡಿದೆ. ಬೇಮಳಖೇಡ ಕೂಗಿತು. ಸರಾಸರಿಗೆ ಬದಲಿ ಮಾಡಿದೆ. ಚಿಟಗುಪ್ಪ ಕೂಗಿತು. ಸುಮ್ಮನೆ ಬಣ್ಣ ಬದಲಿಸಿದೆ. ಎಲ್ಲರೂ ಕೂಗಿದರು! ಅಷ್ಟರಲ್ಲಿ ಚಿಟಗುಪ್ಪದ ಬಸ್ಸು ಬಂದು ನಿಂತಿತು. ಯಾರೂ ಹತ್ತಲಿಲ್ಲ. ಕಂಡಕ್ಟರೂ ಇಳಿದು ಬಂದು ಪರದೆಯಲ್ಲಿ ತಮ್ಮ ಊರನ್ನು ಹುಡುಕತೊಡಗಿದರು.

ಗುಂಪಿನ ಹಿಂದೆ ಬಿಳಿ ಅಂಗಿಯ ಒಬ್ಬರು ಬಹಳ ಹೊತ್ತಿನಿಂದ ಕೈಕಟ್ಟಿ ನಿಂತಿದ್ದರು. ಮಹಾನಂದಾ ನನಗಿಂತ ಮೊದಲು ನೋಡಿದಳು. ರೇವಣಪ್ಪ ಸಾಹುಕಾರರು.

ಅವರು ಜನರನ್ನು ಸರಿಸಿಕೊಂಡು ಮುಂದೆ ಬಂದರು. ಟಿವಿ ನೋಡಿದರು. ನನ್ನನ್ನು ನೋಡಿದರು. ಮಾತಾಡಿದ್ದು ಮಹಾನಂದಾಳ ಜೊತೆ.

“ಅಕ್ಕಾ, ತಪ್ಪು ತಿಳೀಬ್ಯಾಡ್ರಿ. ಇಷ್ಟು ತಕರಾರಿನ ಮಾಲು ನನ್ನ ಹೋಟೆಲಿಗೆ ಬ್ಯಾಡ. ಹೈವೇ ಮ್ಯಾಲ ಗಿರಾಕಿ ಸಂಭಾಳಿಸಬೇಕೋ, ಊರೂರಿನ ಪಂಚಾಯ್ತಿ ಮಾಡಬೇಕೋ ನಾನು?”

ಅವರು ತಿರುಗಿ ಹೊರಟರು. ಮಹಾನಂದಾ ಹಿಂಡಿಯ ಡಬ್ಬಿಯನ್ನು ಎದೆಗೆ ಹಿಡಿದುಕೊಂಡು ನಿಂತಿದ್ದಳು. ಅವಳ ಮುಖವನ್ನು ನಾನು ನೋಡಿದೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. “ಸಾಹುಕಾರ್ರೇ, ತಿಂಗಳವಾರು ಕೊಯ್ದು ನೋಡಿದ್ರ—”

“ನೀವು ಸುಮ್ಕಿರ್ರಿ!” ಎಂದಳು ಅವಳು. ಹತ್ತಾರು ಜನರ ಮುಂದೆ ಅವಳು ನನ್ನ ಮೇಲೆ ಧ್ವನಿ ಎತ್ತಿದ್ದು ಅದೇ ಮೊದಲು. ಸಾಹುಕಾರರೂ ನಿಂತರು.

“ತಕರಾರು ಮಾಲಿಂದಲ್ರಿ ಸಾಹುಕಾರ್ರ,” ಎಂದಳು. “ನಮ್ಮ ಮನಿಯವರದು.”

ಹಾಗೆಂದವಳೇ ಅಂಗಡಿಯೊಳಗೆ ಹೋಗಿ ಟಿವಿಯ ವೈರನ್ನು ಗೋಡೆಯಿಂದ ಕಿತ್ತಳು. ಚಿಟಗುಪ್ಪ, ಕೊಡಂಬಲ, ಬೇಮಳಖೇಡ ಒಂದೇ ಸಲಕ್ಕೆ ಕಪ್ಪಾದವು.

ಗುಂಪಿನ ಕತ್ತುಗಳೆಲ್ಲ ಪರದೆಯಿಂದ ಮಹಾನಂದಾಳ ಕಡೆ ತಿರುಗಿದವು.

“ಸಿಸ್ಟಮ್ ಸತ್ತನೇನು?” ಎಂದಳು ಕಾಶೆಮ್ಮ.

“ಸತ್ತ ಆಯಿ,” ಎಂದಳು ಸುರೇಖಾ.

“ಛಲೋ ಆತು. ಎರಡು ಕಟ್ಟು ಕೊಡು ಲಗು. ನನ್ನ ಬಸ್ಸಿನ ಟೈಮಾತು.”

ಆಮೇಲೆ ನಡೆದದ್ದರಲ್ಲಿ ವರದಿ ಮಾಡುವಂಥದ್ದು ಹೆಚ್ಚೇನಿಲ್ಲ. ಸುರೇಖಾ ಕಟ್ಟು ಕಟ್ಟಿದಳು. ಮಹಾನಂದಾ ಸೆರಗು ಸಿಕ್ಕಿಸಿಕೊಂಡು ಹಿಂಡಿ ತೂಗಿದಳು. ಯಾರಿಗೆ ಕೊಸರು ಹೋಯಿತು, ಯಾರಿಗೆ ಹೋಗಲಿಲ್ಲ ಎಂಬುದನ್ನು ಯಾರೂ ನೋಡಲಿಲ್ಲ. ಮಾಸ್ತರರಿಗೆ ಹಿಂಡಿ ಕಟ್ಟಿಕೊಡುವಾಗ ಕಾಶೆಮ್ಮ ಪಕ್ಕದಲ್ಲೇ ನಿಂತು, ಈ ಖಾರ ನಿಮ್ಮಂಥವರಿಗೆ ತಡೆಯುವುದಿಲ್ಲ ಎಂದು ಹೇಳುತ್ತಿದ್ದಳು. ಸಾಹುಕಾರರು ಎದುರಿನ ಚಹಾದಂಗಡಿಯಲ್ಲಿ, ನಾನು ಹಿಂದೊಮ್ಮೆ ಗುಪ್ತವಾಗಿ ಕೂತಿದ್ದ ಬೆಂಚಿನ ಮೇಲೆ, ಬುಟ್ಟಿ ಖಾಲಿಯಾಗುವ ತನಕ ಕೂತು ನೋಡಿದರು. ಅವರನ್ನು ಯಾರೂ ಈ ಕಡೆ ಬರ್ರಿ ಎಂದು ಕೂಗಲಿಲ್ಲ.

ಆಮೇಲೆ ಅವರು ರಸ್ತೆ ದಾಟಿ ಬಂದರು. “ಒಂದು ತಿಂಗಳು ಇಟ್ಟು ನೋಡೋಣು ಅಕ್ಕಾ,” ಎಂದರು. “ಖರೆ ಒಂದು ಶರ್ತು ಅದ.”

“ಅವರು ಬರೂದಿಲ್ರಿ,” ಎಂದಳು ಮಹಾನಂದಾ.

“ನಾ ಇನ್ನಾ ಹೇಳೇ ಇಲ್ಲಲ್ಲ!”

“ತಿಳೀತ್ರಿ.”

ಇಬ್ಬರೂ ನನ್ನ ಕಡೆ ನೋಡಿದರು. ನಾನು ಟಿವಿಯನ್ನು ಸೀರೆಯಲ್ಲಿ ಸುತ್ತುತ್ತಿದ್ದೆ. ಹಿಂದಿರುಗುವಾಗಲೂ ಕಂಡಕ್ಟರು ಅದಕ್ಕೆ ಟಿಕೆಟ್ ಹರಿದರು. ಈ ಸಲ ಕಿಟಕಿಯ ಪಕ್ಕದ ಸೀಟು ಸಿಕ್ಕದ್ದು ಅದಕ್ಕೆ. ನಾನು ನಿಂತು ಬಂದೆ.

ಈ ಬರಹ ಸಿದ್ಧವಾಗುವ ವೇಳೆಗೆ ಲಭ್ಯವಿರುವ ಮಾಹಿತಿ ಹೀಗಿದೆ. ಹೋಟೆಲಿನ ರೊಟ್ಟಿ ಕೌಂಟರ್ ಮೊದಲ ತಿಂಗಳು ಮುಗಿಸಿ ಮುಂದುವರಿದಿದೆ. ನಮ್ಮ ಶೆಡ್ಡಿನಲ್ಲಿ ಎರಡನೆಯ ಒಲೆ ಹೊತ್ತಿದೆ. ಮನೆಗೆ ಹೋಗಿದ್ದ ಇಬ್ಬರೂ ಹೆಂಗಸರು ಕೆಲಸಕ್ಕೆ ಬರುತ್ತಿದ್ದಾರೆ. ಸಾಹುಕಾರರಿಗೆ ವಾರದ ವರದಿ ಸುರೇಖಾಳ ಧ್ವನಿಸಂದೇಶದ ರೂಪದಲ್ಲಿ ತಲುಪುತ್ತಿದೆ. ಅವರು ಉತ್ತರವಾಗಿ ಮೊಣಕಾಲಿಗೆ ಹಚ್ಚುವ ಎಣ್ಣೆಯೊಂದರ ಹೆಸರು ಕಳಿಸಿದ್ದಾರೆ. ಹೋಟೆಲಿನಲ್ಲಿ ದಿನಕ್ಕೆ ಎಷ್ಟು ಕೊಸರು ಹೋಗುತ್ತದೆ ಎಂದು ನಾನು ಕೇಳಿದ ಪ್ರಶ್ನೆಗೆ ಮಹಾನಂದಾ ಪ್ರತಿಕ್ರಿಯೆ ನೀಡಲು ನಿರಾಕರಿಸಿದ್ದಾಳೆ.

ಬೇಮಳಖೇಡದ ಮನವಿ ಪರಿಶೀಲನೆಯಲ್ಲಿದೆ.